ಊಟಕ್ಕೆ ಮೊದಲು ಸುದ್ದಿ

ಆ ಮನೆಯಲ್ಲಿ ಯಾರೂ "ಗೊತ್ತಿಲ್ಲ" ಎನ್ನುತ್ತಿರಲಿಲ್ಲ. ದಾರಿಯಲ್ಲಿ ಹೋಗುವವನೊಬ್ಬ ಗೇಟಿನ ಬಳಿ ನಿಂತು ವಿಳಾಸ ಕೇಳಿದರೆ, ಆ ಬೀದಿಯ ಹೆಸರನ್ನು ಜನ್ಮದಲ್ಲಿ ಕೇಳಿರದಿದ್ದರೂ, "ಮುಂದೆ ಹೋಗಿ ಎಡಕ್ಕೆ ತಿರುಗಿ" ಎಂದು ಕೈ ತೋರಿಸಿ ಕಳಿಸುವ ಜನ ಅವರು. ಹಾಗೆ ಹೋದವರಲ್ಲಿ ಎಷ್ಟು ಮಂದಿ ಇನ್ನೂ ಎಡಕ್ಕೆ ತಿರುಗುತ್ತಲೇ ಇದ್ದಾರೋ ಪಾಪ. ಇದು ಅತ್ತೆಯ ತವರಿನಿಂದ ಬಂದ ಗುಣ. ಆಕೆಗೂ ಆಕೆಯ ಒಡಹುಟ್ಟಿದವರಿಗೂ ಏನಾದರೂ ತಿಳಿಯದೆ ಇರುವುದೆಂದರೆ ಹರಕು ಬಟ್ಟೆಯಲ್ಲಿ ಬೀದಿಗೆ ಬಂದಷ್ಟು ನಾಚಿಕೆ.

ಬೇಸಿಗೆಯಲ್ಲಿ ನೆಂಟರು ಬರುತ್ತಿದ್ದರು. ಬಂದವರು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ ಮೇಲೆ, ಮೊದಲ ತುತ್ತಿಗೆ ಮುಂಚೆ ಸುದ್ದಿ ಹೇಳಬೇಕು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಮೊಣಕಾಲು ಕೈಕೊಟ್ಟಿತು, ಎಲ್ಲವೂ ಬೇಕು. ಸುದ್ದಿ ತರದವರಿಗೂ ಅತ್ತೆ ಊಟ ಬಡಿಸುತ್ತಿದ್ದರು. ಆದರೆ ಅವರು ಬಡಿಸುವ ರೀತಿಗೇ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು.

ಸೊಸೆ ಮಾತು ಕಡಿಮೆಯ ಮನೆಯಿಂದ ಬಂದವಳು. ಹೊಸದರಲ್ಲಿ ಒಂದೆರಡು ಸಲ "ಗೊತ್ತಿಲ್ಲ ಅತ್ತೆ" ಎಂದಿದ್ದಳು. ಅತ್ತೆ ನೋಡಿದ ನೋಟಕ್ಕೆ ಆ ಮಾತು ಅವಳ ಬಾಯಿಂದ ಮಾಯವಾಯಿತು. ಸುಳ್ಳು ಹೇಳಲೂ ಬಾರದೆ, ಆದಷ್ಟು ಸುಮ್ಮನಿದ್ದು ದಿನ ದೂಡುತ್ತಿದ್ದಳು. ಅವಳದು ಹೊಲಿಗೆ ಕೆಲಸ. ಮಹಡಿಯ ಕೋಣೆಯಲ್ಲಿ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಯೂನಿಫಾರಂ ಬಟ್ಟೆಯ ಥಾನುಗಳು. ಮಕ್ಕಳಿಗೆ ರಜ ಬಂದರೆ ಅವಳಿಗೆ ಉಸಿರಾಡಲು ಪುರಸೊತ್ತಿಲ್ಲ. ಶಾಲೆ ತೆರೆಯುವಷ್ಟರಲ್ಲಿ ರಾಶಿ ರಾಶಿ ನೀಲಿ ಚಡ್ಡಿ, ಬಿಳಿ ಶರ್ಟು ಹೊಲಿದು, ಇಸ್ತ್ರಿ ಮಾಡಿ, ಕಟ್ಟಿಡಬೇಕು.

ಆ ಕೋಣೆ ಮೊದಲು ಅವಳ ಮೈದುನನದು. ಮೂರು ಬೇಸಿಗೆಯ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಗಂಡ, "ತಿನ್ನೋಕೆ ಮಾತ್ರ ಟೈಮಿಗೆ ಸರಿಯಾಗಿ ಬರ್ತಾನೆ ನಮ್ಮ ದೊರೆ" ಎಂದು ತಮ್ಮನ ಮುಂದಿದ್ದ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದಿದ್ದ. ತಮ್ಮ ಕೈ ತೊಳೆದುಕೊಂಡು, ಬೀದಿ ಕೊನೆಯ ಅಂಗಡಿಗೆ ಹೋಗುವವನ ಹಾಗೆ ಹೊರಗೆ ಹೋದವನು ಮತ್ತೆ ಬರಲಿಲ್ಲ. ವರ್ಷ ಕಳೆದ ಮೇಲೆ ಸೊಸೆ ತನ್ನ ಮಿಷನ್ನುಗಳನ್ನು ಆ ಕೋಣೆಗೆ ಸಾಗಿಸಿದಳು. ಅತ್ತೆ ಬೇಡವೆನ್ನಲಿಲ್ಲ. ಆದರೆ ಅವತ್ತಿನಿಂದ ಮಹಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು.

ಈ ಬೇಸಿಗೆ ಶುರುವಾದಾಗ ಅತ್ತೆ ಊಟವನ್ನೂ ಬಿಟ್ಟರು. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂತು, ನಾಲ್ಕು ಅಗುಳು ಬಾಯಿಗಿಟ್ಟು, ತಟ್ಟೆ ಸರಿಸಿ ಏಳುವರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಒದ್ದೆ ಚಾದರ ಹಿಂಡಿದ ತೋಳುಗಳು ಕಡ್ಡಿಯಾಗುತ್ತಾ ಬಂದವು.

"ಅಜ್ಜಿ, ಮೊಟ್ಟೆ ಬೇಡ್ವಾ? ನಾನು ತಿನ್ಲಾ?" ಎನ್ನುವಳು ಮೊಮ್ಮಗಳು. ಹತ್ತು ವರ್ಷದ ಅವಳನ್ನು ಮನೆಯಲ್ಲಿ ಎಲ್ಲರೂ ಇಲಿ ಎಂದೇ ಕರೆಯುತ್ತಿದ್ದರು. ಡಬ್ಬಿಗಳಲ್ಲಿದ್ದದ್ದು ಅವಳಿಂದಾಗಿ ಡಬ್ಬಿಗಳಲ್ಲಿ ಉಳಿಯುತ್ತಿರಲಿಲ್ಲ.

"ತಿನ್ನು ತಾಯಿ."

"ಡಾಕ್ಟರ ಹತ್ರ ಹೋಗೋಣ ನಡಿಯಮ್ಮ" ಎಂದ ಮಗ.

"ಡಾಕ್ಟರು ಏನು ಹೇಳ್ತಾನೆ? ನನ್ನ ಮಗ ಎಲ್ಲಿದ್ದಾನೆ ಅಂತ ಹೇಳ್ತಾನಾ?"

ಅವನು ಅರ್ಧ ಊಟಕ್ಕೇ ಎದ್ದು, ಲಿಫ್ಟ್ ರಿಪೇರಿಯ ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೋದ.

ಮಾರನೆಯ ಮಧ್ಯಾಹ್ನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಮೇಲೆ ಕಾಲರು ಹಚ್ಚಬೇಕಾದ ಶರ್ಟುಗಳ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಸೆಕೆಗೆ ಸೊಸೆಯ ತಲೆ ಸಿಡಿಯುತ್ತಿತ್ತು. ಅತ್ತೆ ತಟ್ಟೆ ಸರಿಸಲು ಕೈ ಚಾಚಿದರು. ಇವಳ ಬಾಯಿಂದ ಮಾತು ತಾನಾಗಿ ಜಾರಿತು.

"ಅಳತೆ ಕೊಡೋಕೆ ಒಬ್ಬ ಹೆಂಗಸು ಬಂದಿದ್ಲು ಅತ್ತೆ. ಮೈದುನನ್ನ ನೋಡಿದ್ಲಂತೆ."

ಅತ್ತೆಯ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು. "ಎಲ್ಲಿ?"

"ಬಾಟಲಿ ಫ್ಯಾಕ್ಟರಿ ಇರೋ ಊರಲ್ಲಿ. ಅಲ್ಲೇ ಕೆಲಸವಂತೆ."

"ಬಡವಾಗಿದ್ದಾನಾ?"

"ಇಲ್ವಂತೆ. ಮೈಕೈ ತುಂಬಿಕೊಂಡಿದ್ದಾನಂತೆ."

ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಎಲ್ಲವನ್ನೂ ಉಂಡು, "ಇನ್ನೊಂದು ಸೌಟು ಹಾಕು" ಎಂದರು.

ಇದರಲ್ಲಿ ಯಾರ ಮನೆ ಹಾಳಾಗುತ್ತದೆ ಎಂದುಕೊಂಡಳು ಸೊಸೆ. ಮರುದಿನ ಅತ್ತೆ ಆ ಹೆಂಗಸು ಇನ್ನೇನು ಹೇಳಿದಳೆಂದು ಕೇಳಿದರು. ಹೇಳಬೇಕಾಯಿತು. ಇಲ್ಲದ ಆ ಹೆಂಗಸು ಅಳತೆ ಕೊಡಲು ಒಮ್ಮೆ, ಬಿಗಿ ನೋಡಲು ಒಮ್ಮೆ, ಗುಂಡಿ ಬದಲಿಸಲು ಒಮ್ಮೆ ಬಂದುಹೋದಳು. ಮೈದುನನಿಗೆ ಬಾಡಿಗೆ ಕೋಣೆ ಸಿಕ್ಕಿತು, ಅಡುಗೆಗೆ ಸ್ಟೌ ಬಂತು, ಅವನು ಕೂದಲು ಸಣ್ಣಗೆ ಕತ್ತರಿಸಿಕೊಂಡ. ಅತ್ತೆಯ ಕೆನ್ನೆಗೆ ಬಣ್ಣ ಬಂತು.

ಗಂಡನಿಗೆ ಮಾತ್ರ ಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ಕೂತಿದ್ದು, "ತಿಂತಿದ್ದಾಳಲ್ಲ, ಇರಲಿ ಬಿಡು" ಎಂದ. ಆಮೇಲೆ, "ಫ್ಯಾಕ್ಟರಿಯಲ್ಲಿ ಏನು ಕೆಲಸ ಅಂತ ಹೇಳಿದ್ದೀಯ?" ಎಂದು ಕೇಳಿದ.

ಆಮೇಲೆ ಕನ್ನಡಕದ ಮಾವ ಬಂದರು. ಅತ್ತೆಯ ತಮ್ಮ. ಊರೂರು ತಿರುಗಿ ಕನ್ನಡಕ ಮಾರುವ ಆತ ಪೆಟ್ಟಿಗೆಯನ್ನು ಬಾಗಿಲ ಬಳಿಯಿಟ್ಟು, ಮುಖಕ್ಕೆ ನೀರು ಚಿಮುಕಿಸಿಕೊಂಡು ಊಟಕ್ಕೆ ಕೂತರು. ಬಿಸಿ ಅನ್ನ, ಹುರಿದ ಆಲೂಗಡ್ಡೆ, ಹೆಚ್ಚಿದ ಸೌತೆಕಾಯಿ. ಅವರಿವರ ಸುದ್ದಿಯೆಲ್ಲ ಮುಗಿದ ಮೇಲೆ ಅತ್ತೆ ಕೇಳಿದರು.

"ಬಾಟಲಿ ಫ್ಯಾಕ್ಟರಿ ಊರಿನ ಕಡೆಗೂ ಹೋಗ್ತೀಯಲ್ಲ ನೀನು? ನನ್ನ ಮಗ ಅಲ್ಲಿದ್ದಾನೆ. ನಿನಗೆ ಗೊತ್ತಿರಲೇಬೇಕು."

ಮಾವ ಒಂದು ಕ್ಷಣ ಸೌತೆಕಾಯಿ ಹೋಳನ್ನು ನೋಡಿದರು. "ಗೊತ್ತಿಲ್ದೆ ಏನಕ್ಕ! ನಾನೇ ಮಾತಾಡಿಸಿ ಬಂದಿದ್ದೀನಿ."

ಸೊಸೆಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ತಾನು ಕಟ್ಟಿದ ಕಥೆಯನ್ನು ಈತ ಕಣ್ಣಾರೆ ನೋಡಿ ಬಂದರಂತೆ!

"ಹೇಗಿದ್ದಾನೋ?" ಅತ್ತೆಯ ದನಿ ಕೇಳಿಸಿತು.

"ಚೆನ್ನಾಗಿದ್ದಾನೆ. ಬಿಳಿ ಶರ್ಟು ಹಾಕಿದ್ದ. ಎಡಗೈ ಹೆಬ್ಬೆರಳಿಗೆ ಮಾತ್ರ ಬಟ್ಟೆ ಸುತ್ತಿತ್ತು. ಬಿಸಿ ಗಾಜು ತಾಗಿತಂತೆ."

ಸೊಸೆಯ ನಗು ನಿಂತಿತು. ಅವತ್ತು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ತಾಗಿ ಅವಳ ಎಡಗೈ ಹೆಬ್ಬೆರಳು ಸುಟ್ಟಿತ್ತು. ತಣ್ಣೀರಲ್ಲಿ ಬೆರಳು ಅದ್ದಿಕೊಂಡು ನಿಂತಾಗ, ಬಾಟಲಿ ಫ್ಯಾಕ್ಟರಿಯಲ್ಲಿ ಕೈ ಸುಟ್ಟುಕೊಳ್ಳದೆ ಇರುವುದುಂಟೇ, ನಾಳೆ ಅತ್ತೆಗೆ ಇದನ್ನೇ ಹೇಳಬೇಕು ಎಂದುಕೊಂಡಿದ್ದಳು. ಯಾರಿಗೂ ಇನ್ನೂ ಹೇಳಿರಲಿಲ್ಲ. ಅನ್ನ ಬಡಿಸುವಾಗ ಮಾವ ತನ್ನ ಬೆರಳನ್ನು ನೋಡಿಯೇ ಹಾಗೆ ಹೇಳಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಆದರೂ ಊಟ ಮುಗಿಯುವ ತನಕ ಆ ಕೈಯನ್ನು ಹಿಂದಕ್ಕೆ ಮರೆಸಿಕೊಂಡೇ ಓಡಾಡಿದಳು.

ಅವತ್ತಿನಿಂದ ಅವಳು ಹೊಸ ಸುದ್ದಿ ಹೇಳುವುದನ್ನು ನಿಲ್ಲಿಸಿದಳು. ಆ ಹೆಂಗಸು ಊರಿಗೆ ಹೋದಳು ಎಂದುಬಿಟ್ಟಳು. ಅತ್ತೆಗೆ ಅವಳ ಸುದ್ದಿ ಬೇಕಾಗಿಯೂ ಇರಲಿಲ್ಲ. ದಿನಾ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಮಾತನ್ನು ತಿರುಗಿ ತಿರುಗಿ ಹೇಳಿಸುತ್ತಿದ್ದರು.

ಹೆಬ್ಬೆರಳಿನ ಗುಳ್ಳೆ ಒಡೆದು, ಸಿಪ್ಪೆ ಸುಲಿದು, ಒಳಗಿನ ಎಳೆ ಚರ್ಮ ಕಾಣಿಸಿಕೊಂಡ ದಿನ ಚಿಕ್ಕಮ್ಮ ಬಂದಿಳಿದರು. ಅತ್ತೆಯ ತಂಗಿ, ದೂರದ ಊರಲ್ಲಿ ಹೆರಿಗೆ ಮಾಡಿಸುವವರು. ಜೊತೆಯಲ್ಲಿ ಅವರ ಗಂಡ. ಹೆಂಡತಿ ಆಡಿದ ಪ್ರತಿ ಮಾತಿಗೂ "ಹೂಂ" ಎನ್ನುವುದು ಬಿಟ್ಟು ಆತ ಬೇರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ರೈಲಿಳಿದು ನೇರವಾಗಿ ಬಂದಿದ್ದರು. ಚೀಲ ಇನ್ನೂ ಕೈಯಲ್ಲೇ ಇತ್ತು.

"ಅಕ್ಕ, ನಿನ್ನ ಕಿರಿ ಮಗ ಸಿಕ್ಕಿದ್ದ ಕಣೇ, ಪ್ಲಾಟ್‌ಫಾರಮ್ಮಿನಲ್ಲಿ" ಎಂದರು ಹೊಸ್ತಿಲಲ್ಲೇ ನಿಂತು. "ಬಿಳಿ ಶರ್ಟು ಹಾಕ್ಕೊಂಡು ನಿಂತಿದ್ದ. ಹೆಬ್ಬೆರಳಿನ ಬಟ್ಟೆ ಬಿಚ್ಚಿದ್ದಾನೆ, ಎಳೆ ಚರ್ಮ ಬಂದಿದೆ. ಬರೋ ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ತೀನಿ ಅಂತ ಹೇಳು ಅಂದ."

"ಹೂಂ" ಎಂದರು ಗಂಡ.

ಅತ್ತೆ ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಇಲಿ ಕುಣಿದಳು. ಸೊಸೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡು, ಕನ್ನಡಕದ ಮಾವನನ್ನು ಹಿತ್ತಲಿಗೆ ಕರೆದಳು.

"ಮಾವ, ನೀವು ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದ್ರಾ?"

"ಮಾಡಿದೆ."

"ಯಾವಾಗ?"

"ಮಾಡಿದೆ ಅಂದೆನಲ್ಲಮ್ಮ."

ಆಮೇಲೆ ಚಿಕ್ಕಮ್ಮನನ್ನು ಕೇಳಿದಳು. "ಮಾವ ಫೋನ್ ಮಾಡಿದ್ರಾ ಚಿಕ್ಕಮ್ಮ?"

"ಅವನಾ? ಹೋದ ವರ್ಷದಿಂದ ನಮಗೂ ಅವನಿಗೂ ಮಾತಿಲ್ಲ. ಹಾಂ, ಮಾಡಿದ್ದ, ಮಾಡಿದ್ದ."

ಇಂಥವರ ಹತ್ತಿರ ನಿಜ ಕೇಳುವುದು ಜರಡಿಯಲ್ಲಿ ನೀರು ತುಂಬಿದ ಹಾಗೆ. ಸೊಸೆಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಮೆಟ್ಟಿಲು ಹತ್ತಿ ಬಂದರು. ಎರಡು ವರ್ಷದಲ್ಲಿ ಮೊದಲ ಸಲ. ಬಾಗಿಲಲ್ಲಿ ನಿಂತು ಮಿಷನ್ನು, ಮೇಜು, ಥಾನುಗಳನ್ನು ಒಂದೊಂದಾಗಿ ನೋಡಿದರು.

"ಇದನ್ನೆಲ್ಲ ಕೆಳಗೆ ಇಳಿಸಬೇಕು."

"ಅತ್ತೆ, ಶಾಲೆ ತೆರೆಯೋಕೆ ಇನ್ನೇನು ದಿನ ಇಲ್ಲ. ಅರ್ಧ ಕೆಲಸ ಹಾಗೇ ಇದೆ. ಕೆಳಗೆ ಬೆಳಕೆಲ್ಲಿದೆ?"

"ಲೈಟು ಹಾಕ್ಕೋ."

"ಜಾಗ ಎಲ್ಲಿದೆ?"

"ಮೆಟ್ಟಿಲ ಕೆಳಗೆ ಇದೆಯಲ್ಲ. ಅವನು ಬಂದು ಎಲ್ಲಿ ಮಲಗಬೇಕು? ನಿನ್ನ ಕತ್ತರಿ ಮೇಲಾ?"

ಮಾವನೂ ಚಿಕ್ಕಮ್ಮನ ಗಂಡನೂ ಸೇರಿ ಮಿಷನ್ನುಗಳನ್ನು ಇಳಿಸಿದರು. ಮೆಟ್ಟಿಲ ಕೆಳಗೆ ತಲೆ ಎತ್ತಿದರೆ ಹಣೆಗೆ ಬಡಿಯುವ ಜಾಗ. ಹಳೆಯ ಬಕೆಟ್ಟು, ಪೊರಕೆಗಳ ನಡುವೆ ಅವಳ ದುಡಿಮೆಯೆಲ್ಲ ಹೋಗಿ ಕೂತಿತು. ಇಲಿ ಮೇಲಿನ ನೆಲ ಒರೆಸಿದಳು. ಕಪಾಟಿನ ಹಿಂದಿನಿಂದ ಹಳೆಯ ಮಂಚ ಹೊರಗೆ ಬಂತು. ಅತ್ತೆ ಚಾದರ ಹಾಸತೊಡಗಿದರು.

ಸೊಸೆ ಬಾಗಿಲು ಮುಂದೆ ಮಾಡಿ ಒಳಗೆ ನಿಂತಳು. "ಅತ್ತೆ, ಒಂದು ಮಾತು ಹೇಳ್ತೀನಿ. ಬೈದರೂ ಪರವಾಗಿಲ್ಲ. ಅಳತೆ ಕೊಡೋಕೆ ಯಾವ ಹೆಂಗಸೂ ಬಂದಿರಲಿಲ್ಲ. ಬಾಟಲಿ ಫ್ಯಾಕ್ಟರಿ, ಬಾಡಿಗೆ ಕೋಣೆ, ಎಲ್ಲಾ ನಾನು ಕಟ್ಟಿ ಹೇಳಿದ್ದು. ನೀವು ಊಟ ಮಾಡಲಿ ಅಂತ."

"ಆ ಕಡೆ ಅಂಚು ಹಿಡ್ಕೋ" ಎಂದರು ಅತ್ತೆ.

ಅವಳು ಹಿಡಿದಳು. ಅತ್ತೆ ಆಸ್ಪತ್ರೆಯ ರೀತಿಯಲ್ಲಿ ಮೂಲೆ ಮಡಿಚಿ, ಒಂದು ಸುಕ್ಕೂ ಇಲ್ಲದ ಹಾಗೆ ಎಳೆದರು.

"ನೀನು ಸುಳ್ಳು ಹೇಳಿರಬಹುದು. ನನ್ನ ತಮ್ಮ ಯಾಕೆ ಹೇಳ್ತಾನೆ? ನನ್ನ ತಂಗಿ ಯಾಕೆ ಹೇಳ್ತಾಳೆ?"

"ಅವರಿಗೆ ಗೊತ್ತಿಲ್ಲ ಅನ್ನೋಕೆ ಬಾಯಿ ಬರಲ್ಲ ಅತ್ತೆ. ಅದಕ್ಕೇ."

ಅತ್ತೆ ಬೆನ್ನು ನೆಟ್ಟಗೆ ಮಾಡಿ ನಿಂತರು. "ಈಗ ನನ್ನ ತವರಿನ ಮೇಲೆ ಬಂದ್ಯಾ? ರೂಮು ಹೋಯ್ತು ಅಂತ ಹೊಟ್ಟೆಯುರಿ ನಿನಗೆ. ಅದಕ್ಕೆ ಬರೋ ಮಗನನ್ನ ಬರಲ್ಲ ಅಂತೀಯ. ನನ್ನ ಎದುರಿಗೆ ನಿಂತು ಈ ಮಾತಾಡೋಕೆ ನಿನಗೆ ನಾಲಿಗೆ ಹೇಗೆ ಬಂತು?"

ಸೊಸೆ ಕೆಳಗಿಳಿದು ಬಂದಳು. ನಿಜ ಹೇಳಿದ್ದಕ್ಕೆ ಇಷ್ಟು ಅವಮಾನವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ರೂಮಿನ ಚಿಂತೆ ಅಲ್ಲೇ ಬಿಟ್ಟುಹೋಯಿತು. ಭಾನುವಾರ ಮಧ್ಯಾಹ್ನ ಯಾರೂ ಬಾರದಿದ್ದರೆ ಈ ಮುದುಕಿಯ ಗತಿ ಏನು ಎಂಬ ಹೆದರಿಕೆ ಹಿಡಿಯಿತು.

ಶುಕ್ರವಾರ ಅವಳು ಗಂಡನ ಬುತ್ತಿ ತಾನೇ ತೆಗೆದುಕೊಂಡು ಹೊರಟಳು. ಅವನು ಒಂದು ಆಫೀಸು ಕಟ್ಟಡದ ಲಿಫ್ಟಿನಲ್ಲಿ ಕೆಲಸ ಮಾಡುತ್ತಿದ್ದ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಒಳಗೆ ಲಿಫ್ಟೇ ಇರಲಿಲ್ಲ, ಕತ್ತಲೆಯ ಗುಂಡಿ ಮಾತ್ರ. ಅದರೊಳಗಿನಿಂದ ಟಾರ್ಚಿನ ಬೆಳಕು ಅಲ್ಲಾಡುತ್ತಿತ್ತು.

"ರೀ" ಎಂದು ಕೂಗಿದಳು.

ಅವನು ಏಣಿ ಹತ್ತಿ ಬಂದು, ಗ್ರೀಸಿನ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತ. ಮೈಮೇಲೆ ಕಂಪನಿಯ ಬೂದು ಶರ್ಟು. ಅವಳು ಡಬ್ಬಿ ಬಿಚ್ಚಿಟ್ಟಳು.

"ನೀವಾದರೂ ಹೇಳಿ ಅವರಿಗೆ. ಭಾನುವಾರ ಯಾರೂ ಬರಲ್ಲ. ಆಮೇಲೆ ಅವರು ಉಳಿಯಲ್ಲ."

"ಬರಲ್ಲ ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು."

ಹೇಳಿದ ರೀತಿಗೆ ಅವಳು ತಲೆಯೆತ್ತಿ ನೋಡಿದಳು. ಅವನು ಅನ್ನ ಕಲಸುತ್ತಾ, ಅದನ್ನೇ ನೋಡುತ್ತಾ ಮಾತಾಡಿದ.

"ಹೋದ ವರ್ಷದ ಹಿಂದಿನ ಬೇಸಿಗೆ. ಬೇರೆ ಊರಿನ ಆಸ್ಪತ್ರೆಯಿಂದ ನಮ್ಮ ಕಂಪನಿಗೆ ಫೋನ್ ಬಂತು. ಕಾಲುವೆಯಲ್ಲಿ ಒಂದು ಹೆಣ ಸಿಕ್ಕಿದೆ, ಮೈಮೇಲೆ ನಿಮ್ಮ ಕಂಪನಿ ಶರ್ಟಿದೆ, ಕಾಲರ್ ಒಳಗೆ ಈ ನಂಬರಿದೆ ಅಂತ. ನಂಬರು ನನ್ನದು. ನೀನು ಸತ್ತಿದ್ದೀಯಂತೆ ಕಣಯ್ಯಾ ಅಂತ ಆಫೀಸಲ್ಲಿ ಎಲ್ಲರೂ ನಕ್ಕರು. ನನ್ನ ಹಳೇ ಶರ್ಟು. ಅವನು ಹೋದಾಗ ಅದನ್ನೇ ಹಾಕ್ಕೊಂಡಿದ್ದ."

ಅವಳು ಅವನ ಮೊಣಕೈ ಹಿಡಿದುಕೊಂಡಳು.

"ಹೋದೆ. ನನ್ನ ತಮ್ಮ ಅಂತ ಹೇಳಿದೆ. ಅಲ್ಲೇ ಮಣ್ಣು ಮಾಡಿ ಬಂದೆ, ನಾನೊಬ್ಬನೇ. ಹೇಳಬೇಕು ಅಂತಾನೇ ಮನೆಗೆ ಬಂದೆ. ಬಾಗಿಲಲ್ಲೇ ಅಮ್ಮ, ಏನಪ್ಪ ಸುದ್ದಿ ಅಂದ್ಲು. ಯಾವುದೋ ಊರಲ್ಲಿ ಲಿಫ್ಟ್ ಕೆಟ್ಟಿತ್ತು, ಸರಿ ಮಾಡಿ ಬಂದೆ ಅಂದೆ. ನಾನು ಎಸೆದ ತಟ್ಟೆ ಅದು. ಹೇಗೆ ಹೇಳಲಿ?"

ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. "ನನಗೂ ಹೇಳಲಿಲ್ಲ. ನಾನು ಸ್ಟೌ ತಂದ, ಕೂದಲು ಕತ್ತರಿಸಿದ ಅಂತ ಕಟ್ಟಿ ಹೇಳ್ತಿದ್ದರೆ, ನೀವು ಕೇಳ್ತಾ ಕೂತಿದ್ರಿ."

"ಕೇಳ್ತಾ ಕೂತಿದ್ದೆ" ಎಂದ ಅವನು. "ಕೇಳೋಕೆ ಚೆನ್ನಾಗಿತ್ತು. ಅವನಿಗೆ ಕೆಲಸ ಸಿಕ್ತು ಅಂತ ನೀನು ಹೇಳಿದ ದಿನ ನನಗೂ ಊಟ ಸೇರಿತು."

ಲಿಫ್ಟಿನ ಗುಂಡಿಯಿಂದ ತಣ್ಣನೆಯ, ಎಣ್ಣೆ ವಾಸನೆಯ ಗಾಳಿ ಬರುತ್ತಿತ್ತು.

"ಹಾಗಾದ್ರೆ ಮಾವ ನೋಡಿದ್ದು ಯಾರನ್ನ? ಚಿಕ್ಕಮ್ಮ ಮಾತಾಡಿಸಿದ್ದು ಯಾರನ್ನ?"

"ಯಾರನ್ನೂ ಇಲ್ಲ. ನಮ್ಮವರ ಬುದ್ಧಿ ನಿನಗೆ ಗೊತ್ತಿಲ್ವಾ?" ಅವನು ಡಬ್ಬಿ ಮುಚ್ಚಿದ. "ಭಾನುವಾರ ಊಟಕ್ಕೆ ಕೂತಾಗ ಹೇಳಿಬಿಡ್ತೀನಿ. ಎಲ್ಲರ ಎದುರಿಗೇ. ನನ್ನ ಕೈಯಲ್ಲೂ ಇನ್ನು ಆಗಲ್ಲ."

ಭಾನುವಾರ ಅತ್ತೆ ಬೆಳಕು ಹರಿಯುವ ಮೊದಲೇ ಎದ್ದು ಅಡುಗೆಗೆ ನಿಂತರು. ಮೀನು ಹುರಿದರು, ಮೊಟ್ಟೆ ಬೇಯಿಸಿದರು, ದೊಡ್ಡ ಕಲ್ಲಂಗಡಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟರು. ಮನೆಯಲ್ಲಿದ್ದವರು ಏಳು ಜನ. ಇಲಿ ಎಂಟು ತಟ್ಟೆ ಹಾಕಿದಳು. ಎಲ್ಲರೂ ಬಂದು ಕೂತರು. ಊಟದ ಹೊತ್ತು ಮೀರಿತು. ಫ್ಯಾನಿನ ಗಾಳಿಯೂ ಬಿಸಿಯಾಗಿತ್ತು. ಮೀನಿನ ಮೇಲೆ ಮುಚ್ಚಿದ ಬಟ್ಟೆಯ ಸುತ್ತ ಒಂದು ನೊಣ ಸುತ್ತುತ್ತಿತ್ತು.

"ಅಜ್ಜಿ, ಒಂದೇ ಒಂದು ಮೊಟ್ಟೆ" ಎಂದಳು ಇಲಿ.

"ಚಿಕ್ಕಪ್ಪ ಬರಲಿ."

ಹಿರಿಮಗ ಗಂಟಲು ಸರಿಮಾಡಿಕೊಂಡ. "ಅಮ್ಮ, ನನ್ನ ಹತ್ರ ಒಂದು ಸುದ್ದಿ ಇದೆ."

"ಹೇಳು."

ಅವನು ಹೇಳಿದ. ಹೆಂಡತಿಗೆ ಹೇಳಿದ ಹಾಗೆಯೇ, ಫೋನು, ಕಾಲುವೆ, ಶರ್ಟು, ಮಣ್ಣು, ಎಲ್ಲವನ್ನೂ. ಮುಗಿದ ಮೇಲೆ ಚಿಕ್ಕಮ್ಮನ ಗಂಡ ಕೂಡ ಹೂಂ ಎನ್ನಲಿಲ್ಲ. ಸೊಸೆ ಅತ್ತೆಯ ಪಕ್ಕಕ್ಕೆ ಸರಿದು ಕೂತಳು, ಬಿದ್ದರೆ ಹಿಡಿದುಕೊಳ್ಳೋಣವೆಂದು.

ಅತ್ತೆ ಬೀಳಲಿಲ್ಲ. "ಮುಖ ನೋಡಿದ್ಯಾ?" ಎಂದು ಕೇಳಿದರು.

"ನೋಡೋ ಹಾಗಿರಲಿಲ್ಲಮ್ಮ. ನೀರಲ್ಲಿ ಬಹಳ ದಿನ ಇತ್ತು."

"ಕೈ ನೋಡಿದ್ಯಾ? ಕಾಲು?"

"ಮುಚ್ಚಿದ್ರು. ನಾನೂ ಕೇಳಲಿಲ್ಲ."

"ಮತ್ತೆ ಏನು ನೋಡಿದೆ?"

"ಶರ್ಟು."

"ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಬಟ್ಟೆ ಒಗೆದಿದ್ದೀನಿ" ಎಂದರು ಅತ್ತೆ. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಯಾರ ಬಟ್ಟೆ ಯಾರ ಮೈಮೇಲೆ ಹೋಗುತ್ತೆ ಅಂತ ನನಗೆ ಹೇಳಬೇಡ. ಅವನು ಕೊಡೋ ಕೈ. ಇಲ್ಲ ಅಂದವನಿಗೆ ಶರ್ಟು ಬಿಚ್ಚಿ ಕೊಟ್ಟಿರ್ತಾನೆ. ನೀನು ಹೋಗಿ ನಿನ್ನ ಶರ್ಟನ್ನ ಮಣ್ಣು ಮಾಡಿ ಬಂದಿದ್ದೀಯ." ತಮ್ಮನ ಕಡೆ ತಿರುಗಿದರು. "ನೀನು ನೋಡಿದಾಗ ಯಾವ ಶರ್ಟು ಹಾಕಿದ್ದ?"

ಕನ್ನಡಕದ ಮಾವನ ಹಣೆ ಬೆವೆತಿತ್ತು. ಹಿರಿಮಗನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. "ಬಿಳಿದು" ಎಂದರು.

"ನೀನು?"

"ಬಿಳಿದೇ ಅಕ್ಕ" ಎಂದರು ಚಿಕ್ಕಮ್ಮ. "ಇಲ್ಲಿಂದ ಆ ಬಾಗಿಲಷ್ಟು ದೂರದಲ್ಲಿ ನಿಂತು ಮಾತಾಡಿಸಿದ."

"ಹೂಂ" ಎಂದರು ಗಂಡ.

ಅತ್ತೆ ನಿಟ್ಟುಸಿರು ಬಿಟ್ಟರು. "ಯಾವ ತಾಯಿಯ ಮಗನೋ ಪಾಪ. ಅವಳು ಇನ್ನೂ ಎಲ್ಲಿ ಕಾಯ್ತಾ ಕೂತಿದ್ದಾಳೋ. ಅವಳಿಗೆ ಯಾರಾದರೂ ಹೇಳಬೇಕಿತ್ತು."

ಹಿರಿಮಗ ಮಾವನನ್ನು ನೋಡಿದ, ಚಿಕ್ಕಮ್ಮನನ್ನು ನೋಡಿದ. ಆಮೇಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಎರಡು ವರ್ಷ ಆ ಮುಖದಲ್ಲಿ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಗಿತ್ತು. ಅವನು ಚಿಕ್ಕ ಹುಡುಗನ ಹಾಗೆ ಕಾಣುತ್ತಿದ್ದ.

"ಆ ಹೆಂಗಸು" ಎಂದ. "ಅಳತೆ ಕೊಡೋಕೆ ಬಂದಿದ್ದವಳು. ನಿಜವಾಗ್ಲೂ ಬಂದಿದ್ಲಾ?"

ಎಲ್ಲರೂ ಅವಳನ್ನೇ ನೋಡಿದರು. ಇಲ್ಲ ಎನ್ನಲು ಎಷ್ಟು ಹೊತ್ತು? ಯಾರೂ ಬಂದಿರಲಿಲ್ಲವೆಂದು ಅವನಿಗೇ ಮೊದಲು ಹೇಳಿದವಳು ಅವಳು. ಅದನ್ನು ಮರೆತವನ ಹಾಗೆ ಕೇಳುತ್ತಿದ್ದ. ಅವಳಿಗೆ ಅವನ ಮೇಲೆ ಕನಿಕರ ಬಂತು, ಅಷ್ಟೇ ಭಯವೂ ಆಯಿತು. ಈ ಒಂದು ಮಾತಿಗೆ ಅವನು ಮತ್ತೆ ಆ ಕಾಲುವೆಯ ದಂಡೆಗೆ ಒಬ್ಬನೇ ಹೋಗಿ ನಿಲ್ಲಬೇಕು.

"ಬಂದಿದ್ಲು ರೀ" ಎಂದಳು.

ಅವನು ಎದ್ದು ನಿಂತ. "ಯಾವ ಬಸ್ಸಿಗೆ ಬರ್ತಾನಂತೆ?"

"ಎರಡೂವರೆ ಬಸ್ಸಿಗೆ" ಎಂದರು ಚಿಕ್ಕಮ್ಮ.

"ಕೈಯಲ್ಲಿ ಸಾಮಾನಿರುತ್ತೆ. ನಾನು ಹೋಗಿ ಕರ್ಕೊಂಡು ಬರ್ತೀನಿ."

"ಬಿಸಿಲು. ಕೊಡೆ ತಗೊಂಡು ಹೋಗು" ಎಂದರು ಅತ್ತೆ.

ಅವನು ಹೋದ. ಉಳಿದವರು ಕೂತೇ ಇದ್ದರು. ಮೀನು ಆರಿ ಗಟ್ಟಿಯಾಯಿತು. ಇಲಿ ಹಸಿವೆಯನ್ನೂ ಮರೆತು ಕಿಟಕಿಯ ಬಳಿ ನಿಂತಳು. ಬಸ್ಸು ಬಂದು ಹೋದ ಸದ್ದು ದೂರದಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಅವನ ದನಿ. ಯಾರೊಂದಿಗೋ ಮಾತಾಡುತ್ತಾ ಬರುತ್ತಿದ್ದ.

"ಹುಷಾರು ಕಣೋ, ಅಲ್ಲಿ ಕಲ್ಲು ಎದ್ದಿದೆ" ಎಂದ. ಸುಮ್ಮನಾದ. ಏನೋ ಕೇಳಿಸಿಕೊಂಡವನ ಹಾಗೆ ನಕ್ಕ. "ಇಲ್ವೋ, ಅವಳ ಮಿಷನ್ನೆಲ್ಲ ಕೆಳಗೆ ಇಳಿಸಿದ್ದೀವಿ. ನಿನ್ನ ರೂಮು ಮೊದಲಿನ ಹಾಗೇ ಇದೆ." ಮತ್ತೆ ಸುಮ್ಮನಾದ. ಆ ಮೌನದಲ್ಲಿ ಇನ್ನೊಂದು ದನಿ ಕೇಳಿಸುತ್ತದೇನೋ ಎಂದು ಸೊಸೆ ಕಿವಿಗೊಟ್ಟಳು. ಫ್ಯಾನಿನ ಸದ್ದಿನಲ್ಲಿ ಏನೂ ತಿಳಿಯಲಿಲ್ಲ.

ಇಲಿ ಕಿಟಕಿಯ ಸರಳು ಹಿಡಿದು ಓಣಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತಿರುಗಿ ಅಮ್ಮನ ಮುಖ ನೋಡಿದಳು.

"ಅಪ್ಪನ ಜೊತೆ ಯಾರಮ್ಮ ಬರ್ತಿರೋದು?" ಅಜ್ಜಿ ಕೇಳಿದರು.

"ಗೊತ್ತಿಲ್ಲ ಅನ್ನು" ಎಂದು ಸೊಸೆ ಮನಸ್ಸಿನಲ್ಲೇ ಬೇಡಿಕೊಂಡಳು. "ಯಾರೂ ಇಲ್ಲ ಅನ್ನು."

"ಚಿಕ್ಕಪ್ಪ" ಎಂದಳು ಇಲಿ. "ಬಿಳಿ ಶರ್ಟು ಹಾಕಿದ್ದಾನೆ ಅಜ್ಜಿ."

ಗೇಟು ತೆರೆದ ಸದ್ದಾಯಿತು. ಕೂತವರೆಲ್ಲ ಸ್ವಲ್ಪ ಸ್ವಲ್ಪ ಸರಿದು ಎಂಟನೆಯ ತಟ್ಟೆಗೆ ಜಾಗ ಮಾಡಿದರು. ಸೊಸೆ ಎದ್ದು ಕಿಟಕಿಯ ಹತ್ತಿರ ಹೋಗಬಹುದಿತ್ತು, ನಾಲ್ಕು ಹೆಜ್ಜೆಯೂ ಇರಲಿಲ್ಲ. ಹೋಗಲಿಲ್ಲ. ಬಿಸಿಲಲ್ಲಿ ಬಂದವರಿಗೆ ನೀರು ತರಲು ಅಡುಗೆಮನೆಗೆ ಹೋದಳು. ಎರಡು ಲೋಟ ತುಂಬಿಸಿಕೊಂಡು ಬಂದಳು.